ಕಿರುಚುವ ಪರದೆಯ ಒಳಗುಟ್ಟು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಭಾನುವಾರ ಬಾಗಿಲು ತೆರೆಯುವುದಿಲ್ಲ. ಆದರೂ ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಕಾಕಾ ಫೋನು ಮಾಡಿದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಯಾವ ಸಂದರ್ಭದಲ್ಲೂ ಗಾಬರಿಯಾಗಿದ್ದನ್ನು ನಾನು ಕಂಡಿಲ್ಲ. ಅಂದು ಅವರ ದನಿ ನಡುಗುತ್ತಿತ್ತು. ಅದರ ಹಿಂದೆ ಸೈರನ್ ಹೊಡೆದುಕೊಳ್ಳುತ್ತಿತ್ತು. ಸೈರನ್ನಿನ ನಡುವೆ ಇಂಗ್ಲಿಷಿನಲ್ಲಿ ಒಂದು ಹೆಣ್ಣುದನಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು.

"ತಮ್ಮಾ, ಕಂಪ್ಯೂಟರ್ ಲಾಕ್ ಆಗಿದೆಯಂತೆ. ಬ್ಯಾಂಕಿನ ವಿವರವೆಲ್ಲ ಕಳುವಾಗುತ್ತಿದೆಯಂತೆ. ಐದು ನಿಮಿಷದಲ್ಲಿ ಕರೆ ಮಾಡದಿದ್ದರೆ ಎಲ್ಲ ಅಳಿಸಿಹೋಗುತ್ತದೆಯಂತೆ. ಇಲ್ಲೊಂದು ನಂಬರ್ ಕೊಟ್ಟಿದ್ದಾರೆ, ಮಾಡಲೇ?"

"ಬೇಡ ಕಾಕಾ. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿರಿ, ನಾನು ಈಗಲೇ ಬರುತ್ತೇನೆ" ಎಂದೆ.

"ಬಂದ್ ಮಾಡಲೇಬಾರದು ಎಂದು ಅದರಲ್ಲಿ ಬರೆದಿದೆಯಲ್ಲ?"

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಕಂಡವರು ಅವರು. ಇದೇ ಕೆಲಸದಿಂದ ನನ್ನ ಮನೆ ನಡೆಯುತ್ತದೆ ಎಂಬುದೂ ಅವರಿಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ಮನೆಯ ಹುಡುಗನ ಮಾತಿಗಿಂತ ಪರದೆಯ ಮಾತು ದೊಡ್ಡದಾಯಿತು. ಇದು ದಡ್ಡತನವಲ್ಲ. ಹಾಗೆ ಆಗಲೆಂದೇ ಅಳೆದು ತೂಗಿ ಆ ಪರದೆಯನ್ನು ಕಟ್ಟಿರುತ್ತಾರೆ. ಕಾಕಾ ಕೊನೆಗೆ ನನ್ನ ಮಾತು ಕೇಳಿ ಬಟನ್ ಒತ್ತಿದರು, ಉಳಿದರು. ಮೂರು ವಾರದ ನಂತರ ಗುಳೇದಗುಡ್ಡದ ಒಬ್ಬ ಖಣದ ವ್ಯಾಪಾರಿ ಅಂಗಡಿಗೆ ಬಂದರು. ಅವರ ಪರದೆಯಲ್ಲಿ ಬಂದದ್ದೂ ಹೆಚ್ಚುಕಡಿಮೆ ಅದೇ ಪುಟ, ಅದೇ ಮಾತು. ಅವರು ಆ ನಂಬರಿಗೆ ಕರೆ ಮಾಡಿದ್ದರು. ಈ ಎರಡರ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಹತ್ತಿರದಿಂದ ಕಂಡದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೊಲದ ಬೆದರುಬೊಂಬೆ

ಮೊದಲಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ಪರದೆ ವೈರಸ್ ಅಲ್ಲ. ಅದೊಂದು ಜಾಲಪುಟ. ನೀವು ಪಹಣಿ ತೆಗೆಯುವ ಪುಟ, ಮಕ್ಕಳ ಫಲಿತಾಂಶ ನೋಡುವ ಪುಟ ಹೇಗೆ ಬ್ರೌಸರಿನ (ಕ್ರೋಮ್, ಎಡ್ಜ್‌ನಂಥ, ಜಾಲಪುಟ ತೋರಿಸುವ ತಂತ್ರಾಂಶದ) ಒಳಗೆ ತೆರೆದುಕೊಳ್ಳುತ್ತವೆಯೋ ಇದೂ ಹಾಗೆಯೇ ತೆರೆದುಕೊಂಡದ್ದು. ಬ್ರೌಸರ್ ತನ್ನೊಳಗಿನ ಪ್ರತಿ ಪುಟದ ಸುತ್ತ ಬೇಲಿ ಹಾಕಿರುತ್ತದೆ. ಆ ಬೇಲಿ ದಾಟಿ ನಿಮ್ಮ ಫೈಲುಗಳನ್ನು ಅಳಿಸುವ, ಕಂಪ್ಯೂಟರಿಗೆ ಬೀಗ ಜಡಿಯುವ ಶಕ್ತಿ ಇಂಥ ಪುಟಕ್ಕೆ ಇಲ್ಲ.

ಜೋಳ ಹಾಲುಗಾಳಾಗುವ ಹೊತ್ತಿಗೆ ನಮ್ಮ ಹೊಲಗಳಲ್ಲಿ ಬೆದರುಬೊಂಬೆ ನಿಲ್ಲಿಸುತ್ತೇವೆ. ಅಡ್ಡ ಕಟ್ಟಿದ ಎರಡು ಕೋಲು, ಹಳೆಯ ಅಂಗಿ, ತಲೆಗೊಂದು ಮಡಕೆ. ದೂರದಿಂದ ಹಕ್ಕಿಗೆ ಅದು ಮನುಷ್ಯ. ಕವಣೆ ಹಿಡಿದ ನಿಜವಾದ ಮನುಷ್ಯ ಅಟ್ಟಣೆಯ ಮೇಲೆ ಬೇರೆಯೇ ಕೂತಿರುತ್ತಾನೆ. ಪರದೆಯ ಕತೆಯೂ ಇಷ್ಟೇ, ಒಂದು ಭೇದ ಮಾತ್ರ ಇದೆ. ಹೊಲದ ಬೊಂಬೆ ಹಕ್ಕಿಯನ್ನು ದೂರ ಓಡಿಸುತ್ತದೆ. ಈ ಬೊಂಬೆ ಹೆದರಿಸಿ ಹೆದರಿಸಿ ಬಲೆಯ ಕಡೆಗೇ ಅಟ್ಟುತ್ತದೆ. ಬಲೆ ಎಂದರೆ ಪರದೆಯಲ್ಲಿ ದೊಡ್ಡದಾಗಿ ಬರೆದ ಆ ಫೋನ್ ನಂಬರ್.

ಬೊಂಬೆಗೆ ಅಂಗಿ ತೊಡಿಸುವ ಬಗೆಯನ್ನು ತಿಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ವಿಡಿಯೊ ನೋಡುವಾಗ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸುತ್ತೇವಲ್ಲ, ಆ ಸೌಲಭ್ಯವನ್ನೇ ಈ ಪುಟಗಳು ಬಳಸಿಕೊಳ್ಳುತ್ತವೆ. ನೀವು ಪುಟದ ಯಾವುದೋ ಮೂಲೆಯಲ್ಲಿ ಒಮ್ಮೆ ಒತ್ತಿದರೆ ಸಾಕು, ಪುಟ ಪರದೆಯನ್ನೆಲ್ಲ ಆವರಿಸುತ್ತದೆ. ಮೇಲಿನ ವಿಳಾಸಪಟ್ಟಿ, ಮುಚ್ಚುವ ಗುರುತು, ಕೆಳಗಿನ ಗಡಿಯಾರ ಎಲ್ಲವೂ ಮರೆಯಾಗುತ್ತವೆ. ಆ ಜಾಗದಲ್ಲಿ ವಿಂಡೋಸ್‌ನಂತೆಯೇ ಕಾಣುವ ಚಿತ್ರ ಬಿಡಿಸಿರುತ್ತಾರೆ. ಅದರಲ್ಲಿ ಕಾಣುವ ಮುಚ್ಚುವ ಗುರುತೂ ಚಿತ್ರವೇ. ಒತ್ತಿದರೆ ಮುಚ್ಚುವುದಿಲ್ಲ, ಇನ್ನೊಂದು ಎಚ್ಚರಿಕೆ ತೆರೆಯುತ್ತದೆ. ಕೆಲವು ಪುಟಗಳು ಮೌಸ್ ಬಾಣವನ್ನೇ ಮರೆಮಾಡುತ್ತವೆ. ಇದೆಲ್ಲ ಒಟ್ಟಿಗೆ ಆದಾಗ ಯಾರಿಗೇ ಆದರೂ ಕಂಪ್ಯೂಟರ್ ಕೈತಪ್ಪಿತು ಎನ್ನಿಸುತ್ತದೆ.

ಕಾಕಾರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಒಂದು ಊರಿನ ಹೆಸರು. ಪರದೆಯ ಮೂಲೆಯಲ್ಲಿ ಅವರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಇಂಟರ್ನೆಟ್ ಕೊಡುವ ಸಂಸ್ಥೆಯ ಹೆಸರು, ಕರ್ನಾಟಕ ಎಂಬುದು, ಊರು ಹುಬ್ಬಳ್ಳಿ ಎಂಬುದು ಬರೆದಿತ್ತು. "ನಾನು ಎಲ್ಲಿದ್ದೇನೆ ಎಂಬುದು ಅವರಿಗೆ ಗೊತ್ತಿದೆ" ಎಂದು ಅವರು ನಂಬಿಬಿಟ್ಟಿದ್ದರು. ಗಣಿತದ ಮೇಷ್ಟ್ರಿಗೆ ನಾನು ತೋರಿಸಿದ ಉತ್ತರ ಅದೇ ಸಾಲಿನಲ್ಲಿತ್ತು. ಅವರು ಇದ್ದದ್ದು ಬಾಗಲಕೋಟೆಯಲ್ಲಿ, ಪರದೆ ಹೇಳಿದ್ದು ಹುಬ್ಬಳ್ಳಿ. ನೀವು ತೆರೆಯುವ ಪ್ರತಿಯೊಂದು ಜಾಲತಾಣಕ್ಕೂ ನಿಮ್ಮ ಐಪಿ ವಿಳಾಸ ಕಾಣುತ್ತದೆ, ಕಾಣದಿದ್ದರೆ ಪುಟವನ್ನು ನಿಮಗೆ ತಲುಪಿಸುವುದೇ ಸಾಧ್ಯವಿಲ್ಲ. ಅದರಿಂದ ಊರನ್ನು ಅಂದಾಜು ಮಾಡುತ್ತಾರೆ, ಅಂದಾಜು ಆಗಾಗ ತಪ್ಪುತ್ತದೆ. ಟಪಾಲಿನ ಲಕೋಟೆಯ ಮೇಲಿನ ಠಸ್ಸೆ ಓದಿ ಕಾಗದ ಯಾವ ಊರಿನಿಂದ ಬಂತೆಂದು ಹೇಳಿದ ಹಾಗೆ ಅದು. ಒಳಗಿನ ಕಾಗದವನ್ನು ಓದಿದ ಹಾಗಲ್ಲ.

ಇನ್ನು ಈ ಪುಟ ಬಂದದ್ದಾದರೂ ಎಲ್ಲಿಂದ? ಕಾಕಾ ಹಳೆಯ ರಂಗಗೀತೆಗಳನ್ನು ಹುಡುಕುತ್ತ ಒಂದು ಉಚಿತ ತಾಣದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಯನ್ನು ಒತ್ತಿದ್ದರು. ಅದು ಹಾಡಿನ ಗುಂಡಿಯಾಗಿರಲಿಲ್ಲ, ಜಾಹೀರಾತಾಗಿತ್ತು. ಉಚಿತ ಸಿನಿಮಾ, ಕ್ರಿಕೆಟ್ ನೇರಪ್ರಸಾರ, ಪಠ್ಯಪುಸ್ತಕದ ನಕಲು ಕೊಡುವ ತಾಣಗಳಲ್ಲಿ ಇಂಥ ಗುಂಡಿಗಳು ತುಂಬಿರುತ್ತವೆ. ಜಾಲತಾಣದ ವಿಳಾಸವನ್ನು ಒಂದಕ್ಷರ ತಪ್ಪಾಗಿ ಬರೆದರೂ ಕೆಲವೊಮ್ಮೆ ಇಲ್ಲಿಗೇ ಬಂದು ಬೀಳುತ್ತೇವೆ, ಏಕೆಂದರೆ ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಹೆಸರಿನಲ್ಲೇ ತಾಣಗಳನ್ನು ಮೊದಲೇ ಕೊಂಡಿಟ್ಟಿರುತ್ತಾರೆ.

ಮೊಬೈಲಿನಲ್ಲಿ ದಾರಿ ಸ್ವಲ್ಪ ಬೇರೆ. ಯಾವುದೋ ತಾಣ ‘ನೋಟಿಫಿಕೇಷನ್ ಕಳುಹಿಸಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ‘ಅಲೌ’ (ಅಪ್ಪಣೆ) ಒತ್ತುತ್ತೇವೆ. ಅಂದಿನಿಂದ ಆ ತಾಣ ಯಾವಾಗ ಬೇಕಾದರೂ ಸೂಚನೆ ಕಳುಹಿಸಬಹುದು. ‘ನಿಮ್ಮ ಫೋನಿನಲ್ಲಿ 13 ವೈರಸ್ ಸಿಕ್ಕಿವೆ’, ‘ಬ್ಯಾಟರಿ ಹಾಳಾಗುತ್ತಿದೆ, ತಕ್ಷಣ ಸ್ವಚ್ಛಗೊಳಿಸಿ’ ಎಂದು ಫೋನು ಗಂಟೆಗೊಮ್ಮೆ ಗುಯ್‌ಗುಡುತ್ತದೆ. ಒತ್ತಿದರೆ ಯಾವುದೋ ಕೆಲಸಕ್ಕೆ ಬಾರದ ಆ್ಯಪ್ ಅಥವಾ ಅದಕ್ಕಿಂತ ಕೆಟ್ಟದ್ದೇನೋ ಒಳಗೆ ಬರುತ್ತದೆ. ‘ಫೋನಿಗೆ ವೈರಸ್ ಬಂದಿದೆ’ ಎಂದು ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಬಹುಪಾಲಿನ ಕಾಯಿಲೆ ಈ ಒಂದು ‘ಅಲೌ’.

ಪರದೆಯನ್ನು ಮುಚ್ಚುವುದು

ಕಂಪ್ಯೂಟರಿನಲ್ಲಿ ಮೊದಲು ‘ಎಸ್ಕೇಪ್’ ಕೀಲಿಯನ್ನು ಒತ್ತಿ ಎರಡು-ಮೂರು ಸೆಕೆಂಡು ಹಾಗೆಯೇ ಹಿಡಿಯಿರಿ. ಒಮ್ಮೆ ತಟ್ಟಿ ಬಿಟ್ಟರೆ ಸಾಲದು, ಹಿಡಿಯಬೇಕು. ಪುಟ ಹಿಗ್ಗಿಸಿಕೊಂಡಿದ್ದ ಪರದೆ ಕುಗ್ಗಿ, ಮರೆಯಾಗಿದ್ದ ವಿಳಾಸಪಟ್ಟಿ ಮತ್ತೆ ಕಾಣುತ್ತದೆ. ಆಗ ನಿಜವಾದ ಮುಚ್ಚುವ ಗುರುತು ಸಿಗುತ್ತದೆ. ಅದಾಗದಿದ್ದರೆ ‘ಆಲ್ಟ್’ ಹಿಡಿದು ‘ಎಫ್4’ ಒತ್ತಿ. ಅದಕ್ಕೂ ಜಗ್ಗದಿದ್ದರೆ ‘ಕಂಟ್ರೋಲ್’, ‘ಆಲ್ಟ್’, ‘ಡಿಲೀಟ್’ ಮೂರನ್ನೂ ಒಟ್ಟಿಗೆ ಒತ್ತಿ. ಈ ಮೂರು ಕೀಲಿಗಳ ಜೋಡಿಯನ್ನು ವಿಂಡೋಸ್ ತಾನೇ ನೇರವಾಗಿ ಹಿಡಿಯುತ್ತದೆ, ಯಾವ ಜಾಲಪುಟವೂ ಅದನ್ನು ತಡೆಯಲಾರದು. ಬರುವ ಪಟ್ಟಿಯಲ್ಲಿ ‘ಟಾಸ್ಕ್ ಮ್ಯಾನೇಜರ್’ ಆರಿಸಿ, ಬ್ರೌಸರಿನ ಹೆಸರಿನ ಮೇಲೆ ಒತ್ತಿ ‘ಎಂಡ್ ಟಾಸ್ಕ್’ ಕೊಡಿ. ಸೈರನ್ ಅಲ್ಲಿಗೆ ನಿಲ್ಲುತ್ತದೆ. ಆ್ಯಪಲ್ ಕಂಪ್ಯೂಟರ್ ಆದರೆ ‘ಕಮಾಂಡ್’, ‘ಆಪ್ಷನ್’, ‘ಎಸ್ಕೇಪ್’ ಒಟ್ಟಿಗೆ ಒತ್ತಬೇಕು.

ಇದ್ಯಾವುದೂ ನೆನಪಾಗದಿದ್ದರೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಟೈಪು ಮಾಡುತ್ತಿದ್ದ ಕಾಗದ ಉಳಿಸದಿದ್ದರೆ ಅದು ಹೋಗಬಹುದು, ಸಾಮಾನ್ಯವಾಗಿ ಬೇರೇನೂ ಹಾಳಾಗುವುದಿಲ್ಲ. ‘ಬಂದ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ’ ಎಂಬ ಮಾತನ್ನು ಅಲ್ಲಿ ಬರೆದಿರುವುದಕ್ಕೆ ಕಾರಣವೇ ಇದು: ಬಂದ್ ಮಾಡಿದರೆ ಅವರ ಆಟ ಮುಗಿಯುತ್ತದೆ.

ಮತ್ತೆ ಚಾಲೂ ಮಾಡಿದಾಗ ಬ್ರೌಸರ್ ‘ಹಿಂದಿನ ಪುಟಗಳನ್ನು ಮತ್ತೆ ತೆರೆಯಲೇ?’ ಎಂದು ಕೇಳುತ್ತದೆ. ಬೇಡವೆನ್ನಿ. ಹಲವರು ಇಲ್ಲಿ ಎಡವುತ್ತಾರೆ. ಹೌದೆಂದು ಒತ್ತಿದೊಡನೆ ಅದೇ ಪುಟ ಮತ್ತೆ ಬಂದು ಕೂಗುತ್ತದೆ, ಆಗ ‘ನಿಜವಾಗಿಯೂ ವೈರಸ್ಸೇ ಇರಬೇಕು’ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಮೊಬೈಲಿನಲ್ಲಿ ತೆರೆದಿರುವ ಆ್ಯಪ್‌ಗಳ ಪಟ್ಟಿಗೆ ಹೋಗಿ ಬ್ರೌಸರನ್ನು ಸರಿಸಿ ಮುಚ್ಚಿ. ಮತ್ತೆ ಅದೇ ಬಂದರೆ ‘ಸೆಟ್ಟಿಂಗ್ಸ್’ನ ‘ಆ್ಯಪ್ಸ್’ ವಿಭಾಗದಲ್ಲಿ ಬ್ರೌಸರಿನ ಹೆಸರು ಹುಡುಕಿ ‘ಫೋರ್ಸ್ ಸ್ಟಾಪ್’ ಕೊಡಿ. ಆಮೇಲೆ ಸಮಾಧಾನವಾಗಿ ಕೂತು ಬ್ರೌಸರಿನ ‘ಸೈಟ್ ಸೆಟ್ಟಿಂಗ್ಸ್’ ಒಳಗೆ ‘ನೋಟಿಫಿಕೇಷನ್ಸ್’ ತೆರೆಯಿರಿ. ನೀವು ಯಾವ ಯಾವ ತಾಣಕ್ಕೆ ಅಪ್ಪಣೆ ಕೊಟ್ಟಿದ್ದೀರಿ ಎಂಬ ಪಟ್ಟಿ ಅಲ್ಲಿರುತ್ತದೆ. ಗುರುತು ಪರಿಚಯವಿಲ್ಲದ ಹೆಸರನ್ನೆಲ್ಲ ತೆಗೆಯಿರಿ. ಕಂಪ್ಯೂಟರಿನಲ್ಲೂ ಇದೇ ಪಟ್ಟಿ ಇದೆ. ಕಾಕಾರ ಲ್ಯಾಪ್‌ಟಾಪಿನಲ್ಲಿ ಹದಿನೊಂದು ತಾಣಗಳಿದ್ದವು, ಅವರಿಗೆ ಗೊತ್ತಿದ್ದದ್ದು ಎರಡು.

ಬ್ರೌಸರ್ ತಯಾರಕರೂ ಸುಮ್ಮನೆ ಕೂತಿಲ್ಲ. ಪರದೆ ತುಂಬ ಹಿಗ್ಗಿ ಹೆದರಿಸುವ ಪುಟಗಳನ್ನು ಗುರುತಿಸಿ ತಡೆಯುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿನಲ್ಲೂ, ಗೂಗಲ್ ತನ್ನ ಕ್ರೋಮ್‌ನಲ್ಲೂ 2025ರಲ್ಲಿ ತಂದಿವೆ. ಬ್ರೌಸರನ್ನು ಆಗಾಗ ಅಪ್‌ಡೇಟ್ ಮಾಡಿಕೊಳ್ಳುವವರಿಗೆ ಮಾತ್ರ ಇದರ ಲಾಭ. ಜೊತೆಗೆ ಮೈಕ್ರೋಸಾಫ್ಟ್ ವರ್ಷಗಳಿಂದ ಹೇಳಿಕೊಂಡು ಬಂದಿರುವ ಒಂದು ಮಾತಿದೆ: ಅದರ ನಿಜವಾದ ಎಚ್ಚರಿಕೆ ಸಂದೇಶಗಳಲ್ಲಿ ಎಂದಿಗೂ ಫೋನ್ ನಂಬರ್ ಇರುವುದಿಲ್ಲ. ಈ ಒಂದು ಗುರುತು ಸಾಕು. ಪರದೆಯ ಮೇಲೆ ವೈರಸ್ ಎಂಬ ಮಾತೂ ಫೋನ್ ನಂಬರೂ ಒಟ್ಟಿಗೆ ಕಂಡರೆ ಅದು ವಂಚನೆ.

ನಂಬರಿನ ಆಚೆ ಕೂತವನು

ಗುಳೇದಗುಡ್ಡದ ವ್ಯಾಪಾರಿ ಜಿಎಸ್‌ಟಿ ಲೆಕ್ಕ ತುಂಬಲು ಕೂತಿದ್ದಾಗ ಪರದೆ ಕೆಂಪಾಯಿತು. ಕರೆ ಮಾಡಿದರು. ಆಚೆಯಿಂದ ಹಿಂದಿಯಲ್ಲಿ ಮಾತನಾಡಿದ ಯುವಕ ಬಹಳ ವಿನಯವಂತ. "ಗಾಬರಿಯಾಗಬೇಡಿ ಅಂಕಲ್, ಸರಿಯಾದ ಹೊತ್ತಿಗೆ ಕರೆ ಮಾಡಿದ್ದೀರಿ" ಎಂದನಂತೆ. ನನಗೆ ಈ ಕತೆ ಹೇಳುವಾಗಲೂ ಅವರು ಆ ವಿನಯವನ್ನು ನೆನೆದು "ಅಷ್ಟು ಒಳ್ಳೆಯ ಮಾತು, ಹೇಗೆ ಅನುಮಾನ ಪಡಲಿ?" ಎಂದರು. ಹೆದರಿಸುವ ಕೆಲಸವನ್ನು ಪರದೆ ಮುಗಿಸಿರುತ್ತದೆ, ಸಮಾಧಾನ ಹೇಳುವ ಕೆಲಸ ಮಾತ್ರ ಈ ಹುಡುಗರಿಗೆ ಉಳಿದಿರುತ್ತದೆ.

ಸಮಾಧಾನದ ನಂತರ ಸಾಕ್ಷಿ ತೋರಿಸುವ ಸರದಿ. ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಓದಿದವರೂ ಬೀಳುವುದು ಇಲ್ಲೇ. ವಿಂಡೋಸ್‌ನಲ್ಲಿ ‘ಈವೆಂಟ್ ವ್ಯೂವರ್’ ಎಂಬ ದಿನಚರಿ ಪುಸ್ತಕವಿದೆ. ಕಂಪ್ಯೂಟರಿನಲ್ಲಿ ನಡೆಯುವ ಸಣ್ಣಪುಟ್ಟ ಸಂಗತಿಯೆಲ್ಲ ಅದರಲ್ಲಿ ದಾಖಲಾಗುತ್ತದೆ. ಪ್ರಿಂಟರ್ ಒಮ್ಮೆ ಉತ್ತರ ಕೊಡಲಿಲ್ಲ, ಅಪ್‌ಡೇಟ್ ತಡವಾಯಿತು, ವೈಫೈ ಕಡಿದುಹೋಯಿತು, ಇಂಥವಕ್ಕೆಲ್ಲ ಹಳದಿ ಮತ್ತು ಕೆಂಪು ಗುರುತು ಬೀಳುತ್ತದೆ. ನಿನ್ನೆ ಕೊಂಡ ಹೊಸ ಲ್ಯಾಪ್‌ಟಾಪಿನಲ್ಲೂ ಅವು ಇರುತ್ತವೆ. ಆಚೆಯವನು ಅದನ್ನು ತೆರೆಸಿ, "ಎಷ್ಟು ಕೆಂಪು ಕಾಣುತ್ತವೆ, ಎಣಿಸಿ ಹೇಳಿ ಅಂಕಲ್" ಎನ್ನುತ್ತಾನೆ. ನೂರಾರು ಇರುತ್ತವೆ. ಎಣಿಸುತ್ತ ಹೋದಂತೆ ಎದೆ ಕುಸಿಯುತ್ತದೆ.

ಎರಡನೆಯದು ಇನ್ನೂ ಜಾಣತನದ್ದು. ಕಪ್ಪು ಕಿಟಕಿಯೊಂದನ್ನು ತೆರೆಸಿ ‘ಅಸಾಕ್’ ಎಂಬ ಆದೇಶ ಟೈಪು ಮಾಡಿಸುತ್ತಾರೆ. ಸಾಲುಗಳು ಸರಸರ ಓಡಿ, ಕೊನೆಯ ಭಾಗದಲ್ಲಿ 888ಡಿಸಿಎ60 ಎಂದು ಶುರುವಾಗುವ ಒಂದು ಉದ್ದನೆಯ ಸಂಖ್ಯೆ ಕಾಣುತ್ತದೆ. "ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್ ಸಂಖ್ಯೆ, ನಮ್ಮ ದಾಖಲೆಯಲ್ಲಿದೆ, ಓದುತ್ತೇನೆ ಕೇಳಿ" ಎಂದು ಆಚೆಯವನು ಓದುತ್ತಾನೆ. ಅಕ್ಷರವೂ ತಪ್ಪದೆ ಹೊಂದುತ್ತದೆ. ಇವನು ಮೈಕ್ರೋಸಾಫ್ಟ್‌ನವನೇ ಎಂದು ನಂಬಿಕೆ ಬರುವುದು ಆಗಲೇ. ನಿಜವೇನೆಂದರೆ ಆ ಸಂಖ್ಯೆ ಜಗತ್ತಿನ ಎಲ್ಲ ವಿಂಡೋಸ್ ಕಂಪ್ಯೂಟರಿನಲ್ಲೂ ಒಂದೇ. ಫೈಲುಗಳನ್ನು ಜಿಪ್ ಕಡತಕ್ಕೆ ಕಳುಹಿಸುವ ಒಂದು ಸಣ್ಣ ಸೌಲಭ್ಯದ ಗುರುತು ಅದು. ನನ್ನ ಅಂಗಡಿಯ ನಾಲ್ಕು ಕಂಪ್ಯೂಟರುಗಳಲ್ಲಿ ತೆರೆದು ತೋರಿಸಿದಾಗ ಆ ವ್ಯಾಪಾರಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

‘ನೆಟ್‌ಸ್ಟ್ಯಾಟ್’ ಎಂಬ ಇನ್ನೊಂದು ಆದೇಶದಲ್ಲಿ ‘ಫಾರಿನ್ ಅಡ್ರೆಸ್’ ಎಂಬ ಕಾಲಂ ಬರುತ್ತದೆ. ಆಚೆ ತುದಿಯ ವಿಳಾಸ ಎಂಬುದಷ್ಟೇ ಅದರ ಅರ್ಥ. ಅದನ್ನು ತೋರಿಸಿ "ವಿದೇಶಿಯರು ನಿಮ್ಮ ಕಂಪ್ಯೂಟರಿನೊಳಗೆ ಕೂತಿದ್ದಾರೆ" ಎನ್ನುತ್ತಾರೆ.

ಇಷ್ಟಾದ ಮೇಲೆ ಬರುವುದು ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್. ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ಕಳ್ಳರ ಸಲಕರಣೆಗಳಲ್ಲ. ಬಾದಾಮಿ, ಹುನಗುಂದದ ಗಿರಾಕಿಗಳ ಕಂಪ್ಯೂಟರನ್ನು ನಾನು ಇವುಗಳಿಂದಲೇ ಇಲ್ಲಿ ಕೂತು ಸರಿಪಡಿಸುತ್ತೇನೆ. ಆ್ಯಪ್ ತೋರಿಸುವ ಸಂಖ್ಯೆಯನ್ನು ನೀವು ಹೇಳಿ, ಒಪ್ಪಿಗೆಯ ಗುಂಡಿ ಒತ್ತಿದರೆ ಆಚೆಯವನು ನಿಮ್ಮ ಪಕ್ಕದಲ್ಲಿ ಕೂತು ನಿಮ್ಮದೇ ಕೀಲಿಮಣೆ ಹಿಡಿದಂತೆ. ಬ್ರೌಸರ್ ಹಾಕಿದ್ದ ಬೇಲಿಯ ಬಾಗಿಲನ್ನು ನಾವೇ ಒಳಗಿನಿಂದ ತೆರೆದಂತಾಯಿತು. ಈ ಬಗೆಯ ಆ್ಯಪ್‌ಗಳ ಮೂಲಕ ಖಾತೆಯ ಹಣ ದೋಚುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ವ್ಯಾಪಾರಿಗೆ ಅವನು ಕೇಳಿದ್ದು ಬರೀ 499 ರೂಪಾಯಿ ಶುಲ್ಕ. ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಿ ಎಂದ. ಕಟ್ಟುವಾಗ ಹೆಸರು, ಪಾಸ್‌ವರ್ಡ್ ಎಲ್ಲ ಅವನಿಗೆ ಕಂಡಿತು. ‘ದುರಸ್ತಿ ಕೆಲಸಕ್ಕಾಗಿ’ ಎಂದು ಮೊಬೈಲಿಗೂ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದ್ದ, ಹಾಗಾಗಿ ಒಟಿಪಿಯೂ ಕಂಡಿತು. ಕಂಪ್ಯೂಟರ್ ಪರದೆ ಕಪ್ಪಾಯಿತು. "ಸ್ವಚ್ಛಗೊಳಿಸುತ್ತಿದ್ದೇವೆ, ಇಪ್ಪತ್ತು ನಿಮಿಷ ಮುಟ್ಟಬೇಡಿ" ಎಂದ. ಆ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಸೇರಿ 1,84,000 ರೂಪಾಯಿ ಹೋಯಿತು. ದಸರೆಯ ಹೊತ್ತಿಗೆ ರೇಷ್ಮೆ ನೂಲು ಕೊಳ್ಳಲು ಇಟ್ಟಿದ್ದ ಹಣ ಅದು.

ಇದರ ಇನ್ನೊಂದು ರೂಪ ‘ಮರುಪಾವತಿ’ಯದು. 5,000 ರೂಪಾಯಿ ವಾಪಸು ಕೊಡುತ್ತೇವೆಂದು ಹೇಳಿ, ಪರದೆಯ ಮೇಲಿನ ಬ್ಯಾಂಕ್ ಪುಟದ ಅಂಕಿಯನ್ನು ತಿದ್ದಿ 50,000 ಜಮೆಯಾದಂತೆ ತೋರಿಸುತ್ತಾರೆ. ಬ್ರೌಸರಿನಲ್ಲಿ ಯಾವುದೇ ಪುಟದ ಅಂಕಿಯನ್ನು ನಮ್ಮ ಕಣ್ಣಿಗೆ ಮಾತ್ರ ಬೇರೆಯಾಗಿ ಕಾಣಿಸುವುದು ಅರ್ಧ ನಿಮಿಷದ ಕೆಲಸ. ಬ್ಯಾಂಕಿನ ಖಾತೆಯಲ್ಲಿ ಏನೂ ಬದಲಾಗಿರುವುದಿಲ್ಲ. ಆಮೇಲೆ "ತಪ್ಪಾಗಿ ಹೆಚ್ಚು ಹಾಕಿಬಿಟ್ಟೆ, ನನ್ನ ಕೆಲಸ ಹೋಗುತ್ತದೆ, ಉಳಿದದ್ದನ್ನು ಮರಳಿಸಿ" ಎಂದು ಅಳುತ್ತಾರೆ. ಪ್ರಾಮಾಣಿಕರಾದವರು ತಮ್ಮದೇ ದುಡ್ಡನ್ನು ಕಳುಹಿಸಿಕೊಡುತ್ತಾರೆ. ಮನುಷ್ಯರ ಒಳ್ಳೆಯತನವನ್ನೇ ಹೀಗೆ ಸುಲಿಯುವುದನ್ನು ಕಂಡಾಗ ನನಗೆ ಬರುವ ಸಿಟ್ಟನ್ನು ಬರೆದು ತೋರಿಸಲಾರೆ.

ಇವರೆಲ್ಲ ಎಲ್ಲಿರುತ್ತಾರೆ? ಬಹಳ ದೂರ ಎಂದುಕೊಂಡಿದ್ದೆವು. 2025ರ ನವೆಂಬರಿನಲ್ಲಿ ಬೆಳಗಾವಿ ನಗರ ಪೊಲೀಸರು ಒಂದು ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 33 ಜನರನ್ನು ಬಂಧಿಸಿದರು. ಬೇರೆ ಬೇರೆ ರಾಜ್ಯಗಳಿಂದ ಬಂದು ಅಲ್ಲಿ ಕೂತು ಅಮೆರಿಕದ ಜನರಿಗೆ ಕರೆಗಳ ಮೂಲಕ ಮೋಸ ಮಾಡುತ್ತಿದ್ದರೆಂಬುದು ಆರೋಪ. ಅದಕ್ಕೂ ಮೊದಲು, 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತ್ತು. ಅದರಲ್ಲಿ ತಾಂತ್ರಿಕ ನೆರವಿನ ವೇಷದ ಪ್ರಕರಣಗಳು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಮೇಲೆ ದಾಖಲಾಗಿದ್ದವು. ಅಮೆರಿಕದ ಎಫ್‌ಬಿಐ ಲೆಕ್ಕದಂತೆ 2023ರ ಒಂದೇ ವರ್ಷದಲ್ಲಿ ಅಲ್ಲಿನವರು ಈ ಬಗೆಯ ವಂಚನೆಯಲ್ಲಿ ಕಳೆದುಕೊಂಡದ್ದು 92 ಕೋಟಿ ಡಾಲರಿಗೂ ಹೆಚ್ಚು, ಅದರಲ್ಲಿ ವಯಸ್ಸಾದವರ ಪಾಲೇ ದೊಡ್ಡದು. ಹೊರದೇಶದ ಅಜ್ಜ-ಅಜ್ಜಿಯರಿಗೆ ಹೆಣೆದ ಬಲೆ ಈಗ ನಮ್ಮ ಓಣಿಗೂ ಬಂದಿದೆ. ಮಾತನಾಡುವ ಭಾಷೆ ಬೇರೆ, ಓದಿಕೊಂಡು ಹೇಳುವ ಮಾತು ಅದೇ. ನಮ್ಮ ಬಾಗಲಕೋಟೆಯಲ್ಲಂತೂ ಆಲಮಟ್ಟಿ ಹಿನ್ನೀರಿನಲ್ಲಿ ಮನೆ-ಹೊಲ ಕಳೆದುಕೊಂಡವರ ಪರಿಹಾರದ ಹಣ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಠೇವಣಿಯಾಗಿ ಕೂತಿದೆ. ಮಕ್ಕಳು ಪುಣೆ, ಬೆಂಗಳೂರಿನಲ್ಲಿ. ಠೇವಣಿ, ಲ್ಯಾಪ್‌ಟಾಪ್ ಮತ್ತು ಒಂಟಿಯಾಗಿ ಉಳಿದ ಹಿರಿಯರು ಒಂದೇ ಮನೆಯಲ್ಲಿರುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ.

ಕರೆ ಮಾಡಿಬಿಟ್ಟಿದ್ದರೆ

ಬರೀ ಕರೆ ಮಾಡಿ ಮಾತನಾಡಿ ಇಟ್ಟಿದ್ದರೆ ಅಪಾಯ ಹೆಚ್ಚಿಲ್ಲ. ಅವರು ಮತ್ತೆ ಮತ್ತೆ ಕರೆ ಮಾಡುತ್ತಾರೆ, ನಂಬರ್ ತಡೆದರೆ ಆಯಿತು. ಆ್ಯಪ್ ಹಾಕಿಸಿಕೊಂಡಿದ್ದರೆ ಮೊದಲ ಕೆಲಸ ಇಂಟರ್ನೆಟ್ ಕಡಿಯುವುದು. ಕೀಲಿಗಳನ್ನು ಹುಡುಕುತ್ತ ಕೂರಬೇಡಿ, ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತುಬಿಡಿ, ಮೊಬೈಲಿನ ಡೇಟಾ ಬಂದ್ ಮಾಡಿ. ದಾರಿ ಕಡಿದರೆ ಆಚೆಯವನ ಕೈಯೂ ಕಡಿದಂತೆ.

ಹಣ ಹೋಗಿದ್ದರೆ ಆ ಕ್ಷಣದಲ್ಲೇ ಮನೆಯವರ ಬೇರೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ನಿಮ್ಮ ಖಾತೆ, ಹೋದ ಮೊತ್ತ, ವ್ಯವಹಾರದ ಸಂಖ್ಯೆ, ಸಮಯ ಕೇಳುತ್ತಾರೆ. ಆ ವಿವರ ಹಣ ತಲುಪಿದ ಬ್ಯಾಂಕಿಗೆ ಹೋಗುತ್ತದೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಬಹುದು. ಮುಂದಿನ ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತ ಹೋದಷ್ಟೂ ಹಿಡಿಯುವುದು ಕಷ್ಟ. ಅದಕ್ಕೇ ಮೊದಲ ಗಂಟೆಗೆ ಅಷ್ಟು ಬೆಲೆ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಸೈಬರ್ ಅಪರಾಧಕ್ಕೆಂದು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸಿದರೆ 3 ವರ್ಷದವರೆಗೆ ಸೆರೆವಾಸವಿದೆ.

ಬ್ಯಾಂಕಿಗೂ ಕೂಡಲೇ ತಿಳಿಸಿ, ಬಾಯಿಮಾತಿನಲ್ಲಲ್ಲ, ಬರಹದಲ್ಲಿ, ಸ್ವೀಕೃತಿ ಪಡೆದು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇಲ್ಲಿ ಮುಖ್ಯ. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಹಣ ಹೋಗಿ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ ಎಂದು ಅದು ಹೇಳುತ್ತದೆ. ಗ್ರಾಹಕರು ತಾವೇ ಪಾಸ್‌ವರ್ಡ್, ಒಟಿಪಿ ಕೊಟ್ಟು ನಿರ್ಲಕ್ಷ್ಯ ತೋರಿದ್ದರೆ ತಿಳಿಸುವವರೆಗಿನ ನಷ್ಟ ಅವರದು. ಆದರೆ ತಿಳಿಸಿದ ನಂತರವೂ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೇ ಇದೆ. ಕೌಂಟರಿನಲ್ಲಿ "ನೀವೇ ಒಟಿಪಿ ಕೊಟ್ಟಿದ್ದೀರಿ, ನಾವೇನು ಮಾಡಲಿ" ಎಂದು ಸಾಗಹಾಕಿದರೆ ರಿಸರ್ವ್ ಬ್ಯಾಂಕಿನ ಈ ನಿಯಮವನ್ನು ಹೇಳಿ.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ದೂರು ಕೊಡುವ ಮೊದಲು ಎಲ್ಲ ಅಳಿಸಬೇಡಿ. ಕರೆ ಮಾಡಿದ ನಂಬರ್, ಸಂದೇಶಗಳು, ಆ್ಯಪಿನ ಹೆಸರು, ಇವುಗಳ ಫೋಟೊ ತೆಗೆದಿಡಿ. ಆಮೇಲೆ ಆ ಆ್ಯಪ್ ತೆಗೆದುಹಾಕಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದಲೇ ಬದಲಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅವರ ಕೈಯಲ್ಲಿದ್ದ ಕಂಪ್ಯೂಟರ್ ಆದರೆ ಫೋಟೊ, ಕಾಗದಪತ್ರ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನನ್ನ ಸಲಹೆ. ಏನನ್ನು ಬಿಟ್ಟು ಹೋಗಿದ್ದಾರೆ ಎಂದು ಹುಡುಕುತ್ತ ಕೂರುವುದಕ್ಕಿಂತ ಅದು ಸುಲಭ. ಕೆಲವು ವಾರದ ನಂತರ "ನಿಮ್ಮ ಹಣ ವಾಪಸು ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಎಂದು ಇನ್ನೊಬ್ಬರು ಕರೆ ಮಾಡಬಹುದು. ಒಮ್ಮೆ ಮೋಸ ಹೋದವರ ನಂಬರುಗಳನ್ನು ಇವರು ಕೈಬದಲಿಸುತ್ತಾರೆ. ಹಣ ಮರಳಿಸಲು ಪೊಲೀಸರಾಗಲಿ ಬ್ಯಾಂಕಾಗಲಿ ಶುಲ್ಕ ಕೇಳುವುದಿಲ್ಲ.

ಗುಳೇದಗುಡ್ಡದ ವ್ಯಾಪಾರಿ ಎರಡು ದಿನ ಯಾರಿಗೂ ಹೇಳಿರಲಿಲ್ಲ. ಮಗ ಏನೆಂದಾನು, ಓಣಿಯವರು ಏನೆಂದಾರು ಎಂಬ ಸಂಕೋಚ. ಊಟ ಬಿಟ್ಟಿದ್ದರಂತೆ. ಮೂರನೆಯ ದಿನ ಅವರ ಸೊಸೆಯೇ ಪಾಸ್‌ಬುಕ್ ನೋಡಿ, ಒಂದು ಮಾತೂ ಬೈಯದೆ, "ಮಾವ, ನಡೆಯಿರಿ, ಬಾಗಲಕೋಟೆಗೆ ಹೋಗಿ ಬರೋಣ" ಎಂದು ಕರೆದುಕೊಂಡು ಬಂದಿದ್ದರು. ಪೊಲೀಸ್ ಠಾಣೆಗೆ ನೇರವಾಗಿ ಹೋಗಲು ಅಂಜಿ ಮೊದಲು ನನ್ನ ಅಂಗಡಿಗೆ ಬಂದರು. ಇಲ್ಲಿಂದಲೇ 1930ಕ್ಕೆ ಕರೆ ಮಾಡಿದೆವು. ಮೊದಲ ವ್ಯವಹಾರದ ಹಣ ಆಗಲೇ ನಾಲ್ಕು ಖಾತೆ ದಾಟಿ ಹೋಗಿತ್ತು. ಎರಡನೆಯದರಲ್ಲಿ 41,000 ರೂಪಾಯಿ ಒಂದು ಖಾತೆಯಲ್ಲಿ ಇನ್ನೂ ಉಳಿದಿತ್ತು, ಅದನ್ನು ತಡೆಹಿಡಿದರು.

ತಡೆಹಿಡಿದ ಹಣ ಕೈಗೆ ಬರಲು ನ್ಯಾಯಾಲಯದ ಆದೇಶಕ್ಕಾಗಿ ಅರ್ಜಿ ಹಾಕಿದ್ದಾರೆ. ಪ್ರತಿ ಸೋಮವಾರ ಸರಕು ಕೊಳ್ಳಲು ಬಾಗಲಕೋಟೆಗೆ ಬಂದಾಗ ಅಂಗಡಿಗೆ ಬಂದು ಕೂರುತ್ತಾರೆ. ದೂರಿನ ಸಂಖ್ಯೆ ಹಾಕಿ ಪೋರ್ಟಲ್ ತೆರೆದು ಇಬ್ಬರೂ ನೋಡುತ್ತೇವೆ. ಕಳೆದ ಸೋಮವಾರ ಅವರ ಜೊತೆ ಅದೇ ಊರಿನ ಇನ್ನೊಬ್ಬರು ಬಂದಿದ್ದರು. ಅವರ ಪರದೆಯೂ ಹಿಂದಿನ ರಾತ್ರಿ ಕೆಂಪಾಗಿತ್ತಂತೆ. ಕರೆ ಮಾಡಲು ಹೊರಟವರನ್ನು ವ್ಯಾಪಾರಿಯೇ ತಡೆದು, ಕಂಪ್ಯೂಟರ್ ಬಂದ್ ಮಾಡಿಸಿ, ಬೆಳಿಗ್ಗೆಯ ಮೊದಲ ಬಸ್ಸಿಗೆ ಕರೆತಂದಿದ್ದರು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ತೆರೆದು ನೋಡಿದೆ. ಅದರಲ್ಲಿ ತೆಗೆಯಬೇಕಾಗಿದ್ದದ್ದು ಒಂದು ತಾಣಕ್ಕೆ ಕೊಟ್ಟ ನೋಟಿಫಿಕೇಷನ್ ಅಪ್ಪಣೆ ಮಾತ್ರ.